ಆ ಕೋಟಿಗೆ ಗುಂಡಿ ಇರಲಿಲ್ಲ

ಅಮ್ಮನ ಹೆಜ್ಜೆ ಸದ್ದು ಕೇಳಿದರೆ ಸಾಕು, ಕಂಪ್ಯೂಟರಿನಲ್ಲಿ ಓಡುತ್ತಿದ್ದ ಚಿತ್ರವನ್ನು ತಟ್ಟನೆ ಕೆಳಗಿಳಿಸಿ ಬೇರೇನೋ ತೆರೆದು ಕೂರುತ್ತಿದ್ದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಕೆಲಸಕ್ಕೆ ಹೋಗುತ್ತಿದ್ದೆ, ಆ ಕಂಪ್ಯೂಟರನ್ನು ನನ್ನ ಸಂಬಳದಲ್ಲೇ ಕೊಂಡಿದ್ದೆ. ನೋಡುತ್ತಿದ್ದದ್ದು ಹಿಮ ಬೀಳುವ ದೇಶವೊಂದರಲ್ಲಿ ಸೇತುವೆ ಕಟ್ಟುವವರ ಕಥೆ. ಅದರಲ್ಲಿ ಕದ್ದು ನೋಡಬೇಕಾದ್ದು ಏನೂ ಇರಲಿಲ್ಲ. ಆದರೂ ಕಳ್ಳಿಯ ಹಾಗೆ ನೋಡುತ್ತಿದ್ದೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಎಲ್ಲೋ ಕುಳಿತು ಆ ಚಿತ್ರ ಬರೆದವನಿಗಿಲ್ಲದ ನಾಚಿಕೆ ಬನಶಂಕರಿಯ ಬಾಡಿಗೆ ಮನೆಯಲ್ಲಿ ಕೂತ ನನಗೇಕೆ ಬರಬೇಕಿತ್ತು?

ಅನಿಮೆ ಅನ್ನುವ ಹೆಸರು ಗೊತ್ತಾಗುವ ಮೊದಲೇ ನನಗೆ ಅದರ ಹುಚ್ಚು ಹಿಡಿದಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ರಸ್ತೆಗೆ ಕೇಬಲ್ ಬಂದಾಗ ಜಪಾನಿನ ಕಾರ್ಟೂನುಗಳು ಹಿಂದಿ ಮಾತಾಡುತ್ತಾ ಬರುತ್ತಿದ್ದವು. ನಮ್ಮ ಮನೆಯಲ್ಲಿ ಕೇಬಲ್ ಇರಲಿಲ್ಲ. ಪಕ್ಕದ ಮನೆ ಆಂಟಿಯ ಹಾಲಿನಲ್ಲಿ ರಸ್ತೆಯ ಮಕ್ಕಳೆಲ್ಲ ನೆಲದ ಮೇಲೆ ಕೂತು ನೋಡುತ್ತಿದ್ದೆವು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಆ ಕಥೆಗಳಲ್ಲಿ ಸತ್ತವರು ಸತ್ತೇ ಹೋಗುತ್ತಿದ್ದರು. ಕೆಟ್ಟವನಿಗೂ ಒಬ್ಬ ಅಮ್ಮ ಇರುತ್ತಿದ್ದಳು. ಒಂದು ಊಟದ ತಟ್ಟೆಯನ್ನು, ರೈಲಿನ ಕಿಟಕಿಯ ಮೇಲೆ ಇಳಿಯುವ ನೀರನ್ನು ಅಷ್ಟು ಹೊತ್ತು ತೋರಿಸಬಹುದು ಎಂದು ನನಗೆ ಕಲಿಸಿದ್ದೇ ಆ ಕಾರ್ಟೂನುಗಳು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಕತ್ತಿ ಹಿಡಿದ ಹುಡುಗಿಯೊಬ್ಬಳು ಮರದ ಮೇಲಿಂದ ಬಿದ್ದಳು. ಬಿದ್ದದ್ದು ಕಥೆಗೆ ಬೇಕಿತ್ತು. ಆದರೆ ಅವಳ ಲಂಗ ಎಲ್ಲಿಯವರೆಗೆ ಹಾರಿತು ಎಂಬುದನ್ನು ಅಷ್ಟು ನಿಧಾನವಾಗಿ ತೋರಿಸುವ ಅಗತ್ಯ ಇರಲಿಲ್ಲ. ಹುಡುಗರು ಹೋ ಎಂದು ಕೂಗಿದರು, ಒಬ್ಬ ಸಿಳ್ಳೆ ಹೊಡೆದ. ಅಡುಗೆಮನೆಯಿಂದ ಓಡಿ ಬಂದ ಆಂಟಿ ಟೀವಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ನನ್ನ ಕಡೆ ಬೆರಳು ತೋರಿಸಿದರು.

"ಏಯ್, ಹೆಣ್ಮಕ್ಕಳು ನೋಡೋ ಅಂಥದ್ದಲ್ಲ ಇದು. ಎದ್ದು ಮನೆಗೆ ಹೋಗು."

ಕೂಗಿದ್ದು ಹುಡುಗರು. ಎದ್ದು ಹೋಗಿದ್ದು ನಾನು. ಬಾಗಿಲು ದಾಟುವಾಗ ಹಿಂದೆ ಕಾರ್ಟೂನಿನ ಸದ್ದು ಮತ್ತೆ ಜೋರಾಯಿತು. ಆ ಹುಡುಗಿ ಮುಂದೇನಾದಳು ಎಂದು ತಿಳಿಯಲು ಮಾರನೇ ದಿನ ಆ ಸಿಳ್ಳೆ ಹೊಡೆದವನನ್ನೇ ಕೇಳಬೇಕಾಯಿತು. ಅವನಿಗೆ ನೆನಪೇ ಇರಲಿಲ್ಲ.

ಓದು ಮುಗಿದ ಮೇಲೆ ನನಗೆ ಜೆ.ಪಿ. ನಗರದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹೊರದೇಶದ ಶಾಲಾ ಪುಸ್ತಕಗಳ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ನಮ್ಮ ಕೆಲಸ. ಪಕ್ಕದ ಕುರ್ಚಿಯಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬ ಕೂರುತ್ತಿದ್ದ. ಬಿಟಿಎಂ ಲೇಔಟಿನಲ್ಲಿ ಮೂವರ ಜೊತೆ ಒಂದು ಕೋಣೆಯಲ್ಲಿದ್ದ. ಒಂದು ದಿನ ಊಟದ ಹೊತ್ತಿನಲ್ಲಿ ನಾನು ಕಾಗದದ ಅಂಚಿನಲ್ಲಿ ಗೀಚಿದ್ದ ದೊಡ್ಡ ಕಣ್ಣುಗಳ ಮುಖವನ್ನು ನೋಡಿ, "ನಿನಗೂ ಇದರ ಹುಚ್ಚು ಐತೇನು?" ಎಂದ. ಅಲ್ಲಿಗೆ ಸ್ನೇಹವಾಯಿತು. ಅವನ ಬಳಿ ಸೀಡಿಗಳ ದೊಡ್ಡ ಕಟ್ಟೇ ಇತ್ತು. ಯಾರ್ಯಾರೋ ಇಂಟರ್ನೆಟ್ಟಿನಿಂದ ಇಳಿಸಿಕೊಟ್ಟದ್ದು, ಕೆಳಗೆ ಇಂಗ್ಲಿಷಿನಲ್ಲಿ ಮಾತು ಓಡುವಂಥದ್ದು. ಪ್ರತಿ ಶುಕ್ರವಾರ ನಾಲ್ಕೈದು ತಂದು ನನ್ನ ಮೇಜಿನ ಮೇಲಿಡುತ್ತಿದ್ದ. ಸೋಮವಾರ ಬೆಳಗ್ಗೆ ಕಥೆಯ ಚರ್ಚೆ. ಅಂಥ ಗೆಳೆಯ ನನಗೆ ಮೊದಲು ಸಿಕ್ಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದೆ ನಾನು ಅವನ ಮೇಲೂ ಸಿಟ್ಟಾಗಲಿದ್ದೇನೆ.

ಸೇತುವೆಯ ಕಥೆ ಕೊಟ್ಟವನೂ ಅವನೇ. ಯುದ್ಧ ನಡೆಯುತ್ತಿರುವ ದೇಶ, ವರ್ಷಪೂರ್ತಿ ಹಿಮ. ಶತ್ರು ಬರುವ ಮೊದಲು ಹಳ್ಳಿಗರನ್ನು ನದಿ ದಾಟಿಸಲು ಒಂದು ಪಡೆ ಊರೂರಿಗೆ ಹೋಗಿ ಮರದ ಸೇತುವೆ ಕಟ್ಟುತ್ತದೆ. ಆ ಪಡೆಯ ಮುಖ್ಯಸ್ಥೆ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಕ್ಯಾಪ್ಟನ್ ಅನ್ನುತ್ತಾರೆ. ಅವಳಷ್ಟು ಬುದ್ಧಿವಂತೆ, ಅವಳಷ್ಟು ಕಡಿಮೆ ಮಾತಿನವಳು, ತಪ್ಪಾದಾಗ ಅವಳಷ್ಟು ನೇರವಾಗಿ "ತಪ್ಪು ನನ್ನದು" ಅನ್ನುವವಳು ನಾನು ಕಂಡ ಯಾವ ಕಥೆಯಲ್ಲೂ ಇರಲಿಲ್ಲ. ನಾನು ಅವಳ ಹಾಗೆ ನಡೆಯಲು ಶುರುಮಾಡಿದ್ದೆ. ಕಚೇರಿಯಲ್ಲಿ ಮ್ಯಾನೇಜರ್ ಕೂಗಾಡಿದಾಗ ಅವಳಾಗಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸುತ್ತಿದ್ದೆ.

ಅವಳ ಪಡೆಯ ಗಂಡಸರೆಲ್ಲ ದಪ್ಪ ಉಣ್ಣೆಯ ಕೋಟು ತೊಟ್ಟು, ಕತ್ತಿನ ತನಕ ಗುಂಡಿ ಹಾಕಿ, ಕಿವಿಗೆ ಟೋಪಿ ಎಳೆದುಕೊಂಡಿದ್ದರು. ಅವರ ಬಾಯಿಂದ ಹೊಗೆಯ ಹಾಗೆ ಉಸಿರು ಬರುತ್ತಿತ್ತು. ಅದೇ ಹಿಮದಲ್ಲಿ ಅವಳ ಕೋಟು ಮಾತ್ರ ಎದೆಯಿಂದ ಹೊಕ್ಕಳಿನವರೆಗೆ ತೆರೆದಿತ್ತು. ಒಳಗೆ ಒಂದು ಅಂಗೈಯಗಲದ ಬಟ್ಟೆ, ತೊಡೆಯ ಮೇಲೆ ಚರ್ಮದ ಪಟ್ಟಿ. ಅವಳು ಕೊಡಲಿ ಎತ್ತಿದರೆ ಕೊಡಲಿಗಿಂತ ಮೊದಲು ಅವಳ ಎದೆ ಅಲುಗುತ್ತಿತ್ತು. ಯಾರೋ ಅಷ್ಟಕ್ಕೆಂದೇ ಕೂತು ಒಂದೊಂದೇ ಚಿತ್ರ ಬಿಡಿಸಿದ್ದರು.

ಹನ್ನೊಂದನೇ ಕಂತಿನಲ್ಲಿ ಅವಳಿಗೆ ವಿದ್ಯೆ ಕಲಿಸಿದ ಮುದುಕ ಗುಂಡೇಟಿಗೆ ಸಾಯುತ್ತಾನೆ. ಅಳಲು ಸಮಯವಿಲ್ಲ, ಬೆಳಗಾಗುವಷ್ಟರಲ್ಲಿ ಸೇತುವೆ ನಿಲ್ಲಬೇಕು. ಅವಳು ಹೆಣದ ಪಕ್ಕದಲ್ಲೇ ಮಂಡಿಯೂರಿ, ಅವನ ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಭಾರದ ಲೆಕ್ಕ ಹಾಕುತ್ತಾಳೆ. ಕಣ್ಣೀರು ಕಾಗದದ ಮೇಲೆ ಬೀಳುತ್ತಿದ್ದರೂ ಕೈ ನಿಲ್ಲುವುದಿಲ್ಲ. ಇಡೀ ಕಥೆಯ ಜೀವವೇ ಆ ಜಾಗ. ಅಲ್ಲಿ ನಮಗೆ ಕಾಣುವುದೇನು? ಮುಂದಕ್ಕೆ ಬಾಗಿದ ಅವಳ ಎದೆ, ಪರದೆಯ ತುಂಬ. ಮುಖ ಮೇಲಿನ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿದೆ, ಕಾಗದ ಕೆಳಗಿನ ಮೂಲೆಯಲ್ಲಿದೆ. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಏನು ಬರೆಯುತ್ತಿದ್ದಾಳೆ ಎಂದು ಓದಲು ನಾನು ನಾಲ್ಕು ಸಲ ಹಿಂದಕ್ಕೆ ಓಡಿಸಿ ಪರದೆಗೆ ಮೂಗು ತಾಗಿಸಿ ನೋಡಬೇಕಾಯಿತು.

ಸೋಮವಾರ ಗೆಳೆಯನ ಮುಂದೆ ಹಾರಾಡಿದೆ. ಅವನು ಶಾಂತವಾಗಿ ಚಪಾತಿ ಹರಿಯುತ್ತ, "ಅವರ ಸ್ಟೈಲೇ ಹಂಗ. ಅದನ್ನ ಯಾಕ ನೋಡ್ತಿ? ಕಥಿ ನೋಡು," ಎಂದ.

"ಕಥೆ ನೋಡೋಕೆ ಬಿಡ್ತಿಲ್ಲ ಕಣೋ ಅವರು. ಅಡ್ಡ ನಿಂತಿದಾರೆ."

"ಹಂಗಾದ್ರ ಬಿಟ್ಟುಬಿಡು."

ಎಲ್ಲರೂ ಕೊಡುವ ಸಲಹೆ ಇದೇ. ಇಷ್ಟವಿಲ್ಲದಿದ್ದರೆ ನೋಡಬೇಡ. ನನಗೆ ಇಷ್ಟವಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಇಷ್ಟವಾದ ಅನ್ನದಲ್ಲಿ ಕಲ್ಲು ಸಿಕ್ಕರೆ ಅಕ್ಕಿ ಆರಿಸದವನನ್ನು ಬಯ್ಯುತ್ತಾರೋ, ಅನ್ನ ತಿನ್ನಬೇಡ ಅನ್ನುತ್ತಾರೋ?

ಅಮ್ಮನಿಗೆ ಗೊತ್ತಾಗಿದ್ದು ಒಂದು ಭಾನುವಾರ ಬೆಳಗ್ಗೆ. ಅಮ್ಮ ಬ್ಲೌಸ್ ಹೊಲಿಯುವವಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬನಶಂಕರಿ ಎರಡನೇ ಹಂತದ ಅರ್ಧ ಹೆಂಗಸರ ಅಳತೆ ಅವಳ ಪುಸ್ತಕದಲ್ಲಿತ್ತು. ಅವತ್ತು ಟೇಪು ಹುಡುಕುತ್ತ ನನ್ನ ಕೋಣೆಗೆ ಬಂದಳು. ನಾನು ಎಂದಿನಂತೆ ಮೌಸ್ ಒತ್ತಿದೆ. ಕಂಪ್ಯೂಟರ್ ಹ್ಯಾಂಗ್ ಆಗಿತ್ತು. ಕ್ಯಾಪ್ಟನ್ ತೆರೆದ ಕೋಟಿನಲ್ಲಿ, ಹಿಮದ ನಡುವೆ, ಪರದೆಯ ಮೇಲೆ ಹಾಗೇ ನಿಂತುಬಿಟ್ಟಳು.

ಅಮ್ಮ ತಲೆಯ ಮೇಲಿದ್ದ ಕನ್ನಡಕ ಇಳಿಸಿ ಹತ್ತಿರ ಬಂದಳು. "ಏನೇ ಇದು?"

"ಕಾರ್ಟೂನಮ್ಮ."

"ಅದು ಹಿಮ ಅಲ್ವಾ ಸುತ್ತ? ಗಂಡಸರೆಲ್ಲ ಕೋಟು ಹಾಕ್ಕೊಂಡಿದಾರೆ. ಇವಳೊಬ್ಬಳಿಗೆ ಚಳಿ ಆಗಲ್ವಾ?"

ನಾನು ಮತ್ತೆ ಮತ್ತೆ ಮೌಸ್ ಒತ್ತಿದೆ.

"ಏನು ಕೆಲಸ ಇವಳದು?"

"ಇಂಜಿನಿಯರ್. ಸೇತುವೆ ಕಟ್ತಾಳೆ."

"ಈ ಬಟ್ಟೇಲಾ?" ಅಮ್ಮ ಬೆರಳನ್ನು ಪರದೆಯ ಮೇಲಿಟ್ಟು, ಗಿರಾಕಿಯ ಬ್ಲೌಸ್ ನೋಡುವ ಹಾಗೆ ನೋಡಿದಳು. "ಇದು ಮೈಮೇಲೆ ನಿಲ್ಲಲ್ಲ ಕಣೆ. ಭುಜದಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ, ಕೆಳಗೆ ಪಟ್ಟಿ ಇಲ್ಲ, ಎದೆ ಹತ್ರ ಮಡಿಚಿ ಹೊಲಿಯೋ ಡಾರ್ಟ್ ಇಲ್ಲ. ಕೋಟಿಗೆ ಒಂದು ಗುಂಡೀನೂ ಇಟ್ಟಿಲ್ವಲ್ಲ, ಮುಚ್ಕೋಬೇಕು ಅಂದ್ರೂ ಮುಚ್ಕೊಳ್ಳೋ ಹಾಗಿಲ್ಲ. ಬಗ್ಗಿ ಒಂದು ಹಲಗೆ ಎತ್ತಿದ್ರೆ ಮುಗೀತು ಕಥೆ. ಇದನ್ನ ಬರೆದೋನು ಜನ್ಮದಲ್ಲಿ ಒಂದು ರವಿಕೆ ಹೊಲಿದಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅವಳು ನನ್ನನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಯ್ದದ್ದು ಬಯ್ಯಬೇಕಾದವನನ್ನೇ. ಅವತ್ತು ಅಮ್ಮ ಬೀನ್ಸ್ ಸೋಸುತ್ತ ಕೂತಿದ್ದಾಗ ಅವಳಿಗೆ ಇಡೀ ಕಥೆ ಹೇಳಿದೆ. ಮುದುಕ ಸತ್ತದ್ದನ್ನು ಕೇಳಿ, "ಅಯ್ಯೋ ಪಾಪ," ಎಂದಳು.

ಕೆಲವು ತಿಂಗಳ ಮೇಲೆ ಗೆಳೆಯ ಒಂದು ಸುದ್ದಿ ತಂದ. ಅನಿಮೆ ನೋಡುವವರು ಇಂಟರ್ನೆಟ್ಟಿನಲ್ಲೇ ಪರಿಚಯವಾಗಿ, ಜೆ.ಪಿ. ನಗರದ ಒಂದು ಹಾಲಿನಲ್ಲಿ ಸೇರಲಿದ್ದಾರೆ. ಭಾನುವಾರ ಮಧ್ಯಾಹ್ನ. ಇಷ್ಟದ ಪಾತ್ರದ ವೇಷ ಹಾಕಿಕೊಂಡು ಬಂದರೆ ಸ್ಪರ್ಧೆಯೂ ಉಂಟು. "ನಾ ಆ ಮುದುಕ ಮಾಸ್ತರ ಆಗಾಂವ," ಎಂದ. "ನೀ?"

ನಾನು ಯೋಚಿಸಲೇ ಇಲ್ಲ. "ಕ್ಯಾಪ್ಟನ್," ಎಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಮೊದಲು ಅವಳ ಮುಖ ಗಂಟಾಯಿತು. "ಆ ಬಟ್ಟೆ ನಾನು ಹೊಲಿಯಲ್ಲ."

"ಆ ಬಟ್ಟೆ ಬೇಡಮ್ಮ. ಅವಳು ನಿಜವಾಗ್ಲೂ ಇದ್ದಿದ್ರೆ ಏನು ಹಾಕ್ಕೋತಿದ್ಲೋ, ಅದನ್ನ ಹೊಲಿ."

ಅಮ್ಮ ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದಳು. ಅವಳಿಗೆ ಆ ಮಾತು ಹಿಡಿಸಿತೆಂದು ಗೊತ್ತಾಯಿತು.

ಜಯನಗರ ನಾಲ್ಕನೇ ಬ್ಲಾಕಿಗೆ ಇಬ್ಬರೂ ಹೋಗಿ ಬೂದು ಬಣ್ಣದ ದಪ್ಪ ಬಟ್ಟೆ ತಂದೆವು. ಬ್ಲೌಸ್ ಬಿಟ್ಟು ಬೇರೇನೂ ಹೊಲಿಯದ ಅಮ್ಮ, ಅಪ್ಪನ ಹಳೆಯ ಕೋಟೊಂದನ್ನು ಬಿಚ್ಚಿ ಒಳಗಿನ ಕಟ್ಟೋಣ ಕಲಿತಳು. ಗಡುಸಾಗಿ ನಿಲ್ಲಲೆಂದು ಎದೆಯ ಒಳಗೆ ಕ್ಯಾನ್ವಾಸ್ ಕೊಟ್ಟಳು, ತೋಳು ಎತ್ತಿದರೆ ಬಿಗಿಯಾಗದ ಹಾಗೆ ಕಂಕುಳಲ್ಲಿ ತುಂಡು ಸೇರಿಸಿದಳು. "ಮರ ಕಡಿಯೋಳಲ್ವಾ," ಎಂದಳು. ಒಂದು ಸಂಜೆ ಹೊಲಿಯುತ್ತಿದ್ದವಳು ನಿಲ್ಲಿಸಿ, "ಲೆಕ್ಕ ಹಾಕ್ತಾಳೆ ಅಂದ್ಯಲ್ಲ, ಪೆನ್ಸಿಲ್ ಎಲ್ಲಿಟ್ಕೋತಾಳೆ?" ಎಂದು ಕೇಳಿದಳು. ಹದಿನೈದು ಕಂತು ನೋಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅವಳ ಉಡುಪಿನಲ್ಲಿ ಒಂದೂ ಜೇಬು ಇರಲಿಲ್ಲ. ಅಮ್ಮ ಎಡಗಡೆ ಎದೆಯ ಮೇಲೆ ಉದ್ದನೆಯ ಜೇಬು ಇಟ್ಟಳು. ಕತ್ತಿನಿಂದ ಮಂಡಿಯವರೆಗೆ ಒಂಬತ್ತು ಗುಂಡಿ, ಒಂಬತ್ತು ಕಾಜಗಳನ್ನೂ ಕೈಯಲ್ಲೇ ಹಾಕಿದಳು. ತೊಟ್ಟು ಕನ್ನಡಿಯ ಮುಂದೆ ನಿಂತಾಗ ನಾನು ನೆಟ್ಟಗಾದೆ. ಪರದೆಯ ಮೇಲಿದ್ದವಳಿಗಿಂತ ನಾನೇ ಹೆಚ್ಚು ಕ್ಯಾಪ್ಟನ್ ಅನ್ನಿಸಿತು.

ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ ಇದ್ದಿರಬಹುದು, ಹುಡುಗಿಯರು ಬೆರಳೆಣಿಕೆಯಷ್ಟು. ಏಪ್ರಿಲ್ ಬಿಸಿಲು, ಮೇಲೆ ಎರಡೇ ಫ್ಯಾನು. ಗೆಳೆಯ ಕಂಬಳಿಯಿಂದ ಮಾಡಿಸಿದ ಕೋಟು ತೊಟ್ಟು, ಹತ್ತಿಯ ಗಡ್ಡ ಅಂಟಿಸಿಕೊಂಡು ಬೆವರುತ್ತ ನಿಂತಿದ್ದ. ಅವನು ವೇದಿಕೆ ಹತ್ತಿದಾಗ ಚಪ್ಪಾಳೆಯೋ ಚಪ್ಪಾಳೆ. ಮುದುಕನ ಗಡ್ಡ ಚಿತ್ರದಲ್ಲಿ ಕಂದು, ಇವನದು ಬಿಳಿ. ಯಾರೂ ಕೇಳಲಿಲ್ಲ.

ಆಮೇಲೆ ನಾನು ಹತ್ತಿದೆ. ಮೈಕು ಹಿಡಿದಿದ್ದ ಸಂಘಟಕ ಇಂಗ್ಲಿಷಿನಲ್ಲಿ, ನೀವು ಯಾರು, ಪಡೆಯ ಸೈನಿಕರಲ್ಲಿ ಒಬ್ಬರೋ ಎಂದು ಕೇಳಿದ. ಕ್ಯಾಪ್ಟನ್ ಎಂದೆ. ಅವನು ಹುಬ್ಬೇರಿಸಿ ಜನರ ಕಡೆ ತಿರುಗಿ, "ನೈಸ್ ಎಫರ್ಟ್, ಬಟ್ ಅಕ್ಯುರೆಸಿ ಸ್ವಲ್ಪ ಕಮ್ಮಿ, ಅಲ್ವಾ?" ಎಂದ. ನಗು ಎದ್ದಿತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

"ಬಟನ್ ಬಿಚ್ಚಿ ಮೇಡಂ! ಅಕ್ಯುರೇಟ್ ಆಗುತ್ತೆ!"

ಆಗಿನ ನಗು ಬೇರೆಯೇ ಥರದ್ದು. ಇಡೀ ಹಾಲೇ ನಕ್ಕಿತು. ಸಂಘಟಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಾನು ಗೆಳೆಯನ ಕಡೆ ನೋಡಿದೆ. ಅವನು ನಗಲಿಲ್ಲ. ಏನನ್ನೂ ಹೇಳಲೂ ಇಲ್ಲ. ಗಡ್ಡದ ಹತ್ತಿ ಸರಿಮಾಡಿಕೊಳ್ಳುತ್ತಿದ್ದ.

ನನ್ನ ಎದೆಯ ಮೇಲೆ ಅಮ್ಮನ ಒಂಬತ್ತು ಕಾಜಗಳಿದ್ದವು. ಸಂಘಟಕನ ಕೈಯಿಂದ ಮೈಕು ಕಿತ್ತುಕೊಂಡೆ. ಅಲ್ಲಿಯವರೆಗೆ ಅಲ್ಲಿ ಎಲ್ಲರೂ ಆಡುತ್ತಿದ್ದದ್ದು ಇಂಗ್ಲಿಷ್, ಇಲ್ಲವೇ ಇಂಗ್ಲಿಷ್ ಬೆರೆತ ಕನ್ನಡ. ನನಗೆ ಸಿಟ್ಟು ಬಂದರೆ ಇಂಗ್ಲಿಷ್ ಬರುವುದಿಲ್ಲ.

"ಯಾರೋ ಅದು ಕೂಗಿದ್ದು? ಅಕ್ಯುರೆಸಿ ಬೇಕಾ ನಿಂಗೆ? ಸರಿ, ಹನ್ನೊಂದನೇ ಕಂತು. ಮಾಸ್ತರು ಸತ್ತು ಬಿದ್ದಿದಾರೆ. ಕ್ಯಾಪ್ಟನ್ ನಕ್ಷೆ ಹಿಂದುಗಡೆ ಪೆನ್ಸಿಲ್ಲಲ್ಲಿ ಬರೀತಾಳೆ. ಏನು ಬರೀತಾಳೆ? ಹೇಳು."

ಕೂಗಿದವನು ಮುಂದಿನ ಸಾಲಿನವನ ಬೆನ್ನ ಹಿಂದೆ ತಲೆ ತಗ್ಗಿಸಿದ.

"ನೀನು ಬೇಡ, ಯಾರಾದ್ರೂ ಹೇಳಿ. ಎಲ್ಲರೂ ನೋಡಿದೀರಲ್ಲ? ಹತ್ತತ್ತು ಸಲ ನೋಡಿದೀರಲ್ಲ?"

ಒಬ್ಬ ಹುಡುಗ ಅಂಜುತ್ತ, "ಲೋಡ್ ಕ್ಯಾಲ್ಕ್ಯುಲೇಶನ್," ಎಂದ.

"ಬರೀ ಅಂಕಿ ಅಲ್ಲ ಅದು. ಹೆಸರು. ಆ ಹಳ್ಳೀಲಿರೋ ಒಬ್ಬೊಬ್ಬರ ಹೆಸರು ಬರೆದು ಪಕ್ಕದಲ್ಲಿ ತೂಕ ಹಾಕಿದಾಳೆ. ಮಕ್ಕಳ ಹೆಸರಿನ ಮುಂದೆ ಅರ್ಧ ಅಂತಿದೆ. ಒಂದು ಹೆಸರಿನ ಮುಂದೆ ಒಂದೂವರೆ ಅಂತಿದೆ, ಅವಳು ಬಸುರಿ. ಪರದೆ ಮೇಲೇ ಇದೆ, ಕೆಳಗಡೆ ಮೂಲೇಲಿ. ನಿಮಗ್ಯಾರಿಗೂ ಕಾಣಲಿಲ್ಲ. ಎಲ್ಲಿತ್ತು ಕಣ್ಣು? ಆ ಹೆಂಗಸು ಇಡೀ ಊರನ್ನ ಹೊತ್ಕೊಂಡು ಲೆಕ್ಕ ಹಾಕ್ತಿದ್ರೆ ನಿಮ್ಮ ಕಣ್ಣು ಎಲ್ಲಿತ್ತು?"

ಯಾರೋ "ಓಕೆ, ಓಕೆ, ಚಿಲ್," ಎಂದರು. ಸಂಘಟಕ ಮೈಕಿಗೆ ಕೈ ಚಾಚಿದ. ನಾನು ಅದನ್ನು ಅವನ ಕೈಗೆ ಕೊಡದೆ ವೇದಿಕೆಯ ಮೇಲಿಟ್ಟೆ. ಅದು ಕೀರ್ ಎಂದು ಕಿರುಚಿತು. ನಾನು ಇಳಿದು ನಡೆದೆ.

ಗೆಳೆಯ ಬಸ್ ಸ್ಟಾಪಿನವರೆಗೆ ಓಡಿ ಬಂದ, ಗಡ್ಡ ಒಂದು ಕಡೆ ಜೋತುಬಿದ್ದಿತ್ತು. "ಹಂಗ ಮೈಕ್ ಕಸಗೊಳ್ಳೂದು ಬೇಕಿತ್ತೇನು? ಅಂವ ಸುಮ್ನ ಚಾಷ್ಟಿ ಮಾಡಿದ."

"ನೀನು ಯಾಕೆ ಬಾಯಿ ಬಿಡಲಿಲ್ಲ?"

"ನಾ ಏನನ್ನಬೇಕಿತ್ತು?"

"ಏನಾದ್ರೂ. ಮುಚ್ಚೋ ಬಾಯಿ ಅಂದಿದ್ರೆ ಸಾಕಿತ್ತು."

ಬಸ್ಸು ಬಂತು, ಹತ್ತಿದೆ. ಆ ಸೆಕೆಯಲ್ಲಿ ಕತ್ತಿನವರೆಗೆ ಗುಂಡಿ ಹಾಕಿದ ನನ್ನನ್ನು ನೋಡಿ ಕಂಡಕ್ಟರು, "ಎಲ್ಲಿಗೆ ಮೇಡಂ, ಊಟಿಗಾ?" ಎಂದ. ಅದಕ್ಕೆ ಮಾತ್ರ ನನಗೆ ನಗು ಬಂತು.

ಮನೆಯಲ್ಲಿ ಅಮ್ಮ ಕಾಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು. ಆದರೆ ಬಾಯಿಂದ ಬಂದ ಮಾತು, "ಇನ್ಮೇಲೆ ಆ ಕಾರ್ಟೂನು ಗೀರ್ಟೂನು ಬೇಡ. ಅಂಥವರ ಸಹವಾಸ ನಿಂಗ್ಯಾಕೆ? ನೋಡೋದು ಬಿಡು."

ಹಾಲಿನಲ್ಲಿ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆಗ ಬಂತು. "ನಾನ್ಯಾಕಮ್ಮ ಬಿಡ್ಬೇಕು? ಕೂಗಿದೋರು ಅವರು. ಪ್ರತಿ ಸಲ ನಾನೇ ಯಾಕೆ ಎದ್ದು ಹೋಗ್ಬೇಕು? ಆ ಕಥೆ ನಂದು. ಅವರಿಗಿಂತ ಜಾಸ್ತಿ ನಂದು." ಜೀವನದಲ್ಲಿ ಅಮ್ಮನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಅವಳು ಮಷೀನಿನ ಮುಂದೆ ಹೋಗಿ ಕೂತಳು, ತುಳಿಯಲಿಲ್ಲ. ಆಮೇಲೆ ಅಲ್ಲಿಂದಲೇ ಕೇಳಿದಳು. "ಆ ಬಸುರಿ ದಾಟಿದ್ಲಾ ಸೇತುವೇನ?"

"ದಾಟಿದ್ಲು," ಎಂದೆ.

"ಸರಿ. ಊಟಕ್ಕೆ ಬಾ."

ಕಚೇರಿಯಲ್ಲಿ ಗೆಳೆಯನ ಜೊತೆ ಮೂರು ವಾರ ಮಾತಿರಲಿಲ್ಲ. ಕೆಲಸದ ವಿಷಯ ಬಿಟ್ಟರೆ ಹೂಂ, ಉಹೂಂ ಅಷ್ಟೇ. ಒಂದು ಮಧ್ಯಾಹ್ನ ಅವನೇ ಕುರ್ಚಿ ತಿರುಗಿಸಿದ. "ಹನ್ನೊಂದನೇದು ಮತ್ತ ನೋಡಿದೆ. ಹೆಸರದಾವು, ಖರೇ. ನಾ ಆರು ಸಲ ನೋಡಿದ್ದೆ, ಒಮ್ಮಿನೂ ಕಂಡಿರಲಿಲ್ಲ." ಆಮೇಲೆ ದೂರುವ ದನಿಯಲ್ಲಿ, "ಈಗ ಎಲ್ಲಾ ಕಡೆ ಆ ಹೊಲಸ ಆ್ಯಂಗಲ್ ಕಾಣಾಕತ್ತೈತಿ. ನೋಡೂದರ ಖುಷಿನ ಕೆಡಿಸಿಬಿಟ್ಟಿ ನೀ," ಎಂದ.

"ನಾನಲ್ಲ ಕೆಡಿಸಿದ್ದು," ಎಂದೆ. "ನಂಗೆ ಮೊದಲ ಸಲಾನೇ ಕೆಟ್ಟಿತ್ತು. ನಿಂಗೆ ಈಗ ಗೊತ್ತಾಯ್ತು, ಅಷ್ಟೇ."

ಅವನು ಕ್ಷಮೆ ಕೇಳಲಿಲ್ಲ, ನಾನೂ ಕೇಳು ಎನ್ನಲಿಲ್ಲ. ಮುಂದಿನ ಶುಕ್ರವಾರ ನನ್ನ ಮೇಜಿನ ಮೇಲೆ ಎರಡನೇ ಭಾಗದ ಸೀಡಿಗಳಿದ್ದವು. ತೆಗೆದುಕೊಂಡು ಹೋದೆ.

ಎರಡನೇ ಭಾಗದಲ್ಲಿ ಕ್ಯಾಪ್ಟನ್ನಿನ ಬಟ್ಟೆ ಇನ್ನೂ ಕಡಿಮೆಯಾಗಿತ್ತು. ಮೊದಲ ಭಾಗ ಚೆನ್ನಾಗಿ ಓಡಿತ್ತೆಂದು ಕಾಣುತ್ತದೆ. ಹದಿಮೂರು ವರ್ಷದ ಒಬ್ಬ ಶಿಷ್ಯೆಯನ್ನು ಹೊಸದಾಗಿ ತಂದಿದ್ದರು, ಅವಳಿಗೂ ಅಂಥದೇ ಬಟ್ಟೆ. ಅದನ್ನು ನೋಡಿ ಕಂಪ್ಯೂಟರ್ ಆರಿಸಿ ಅರ್ಧ ಗಂಟೆ ಅಂಗಳದಲ್ಲಿ ಓಡಾಡಿದೆ. ಮಗು ಅದು. ಅಷ್ಟು ಅಂದವಾಗಿ ಹಿಮ ಬರೆಯುವ ಕೈ, ಒಂದು ಹಲಗೆಯ ಗಂಟನ್ನು, ನಾರನ್ನು ಅಷ್ಟು ಪ್ರೀತಿಯಿಂದ ಬರೆಯುವ ಕೈ, ಆ ಮಗುವಿನ ಮುಂದೆ ಬಂದಾಗ ಹೀಗೇಕಾಗುತ್ತದೆ?

ಮತ್ತೆ ಒಳಗೆ ಹೋಗಿ ಕಂಪ್ಯೂಟರ್ ಹಾಕಿದೆ. ಹದಿಮೂರು ಕಂತುಗಳನ್ನೂ ನೋಡಿದೆ. ಕಥೆ ಮೊದಲಿಗಿಂತ ಚೆನ್ನಾಗಿತ್ತು. ಕೊನೆಯಲ್ಲಿ ಕ್ಯಾಪ್ಟನ್ ತಾನೇ ಕಟ್ಟಿದ ಸೇತುವೆಯನ್ನು ತಾನೇ ಸುಡಬೇಕಾಗುತ್ತದೆ. ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತಿರುವಾಗಲೇ, ಬೆಂಕಿಯ ಬೆಳಕಿನಲ್ಲಿ ಅವಳ ತೊಡೆಯನ್ನು ತೋರಿಸಿದವನಿಗೆ ಬಾಯಿಗೆ ಬಂದ ಹಾಗೆ ಬಯ್ದೆ.

ಸೋಮವಾರ ಗೆಳೆಯ ಡಬ್ಬಿ ಬಿಚ್ಚುತ್ತ ಕೇಳಿದ, "ಹೆಂಗಿತ್ತು?"

"ಸಖತ್ತಾಗಿತ್ತು. ಆ ಚಿತ್ರ ಬರೆದೋನು ಕೈಗೆ ಸಿಕ್ಕಿದ್ರೆ ಒದ್ದುಬಿಡ್ತೀನಿ."

ಅವನು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ಡಬ್ಬಿಯನ್ನು ನನ್ನ ಕಡೆ ಸರಿಸಿ, "ಆ ಸಣ್ಣ ಹುಡುಗಿದು ನನಗೂ ನೋಡಾಕ ಆಗಲಿಲ್ಲ," ಎಂದ.